ಅರ್ಧ ಉಳಿದ ಬೊಂಡ

ನಮ್ಮ ಕಡೆ ಯಾರಿಗೆ ಏನೇ ಆದರೂ ಮನೆಗೆ ಮೊದಲು ಬರುವುದು ಬೊಂಡ. ಎಳನೀರಿಗೆ ನಾವು ಹಾಗೆ ಹೇಳುವುದು. ಜ್ವರ ಬಂದರೆ ಬೊಂಡ, ವಾಂತಿಯಾದರೆ ಬೊಂಡ, ಬಿಸಿಲಿನಲ್ಲಿ ನಡೆದು ಬಂದ ನೆಂಟರಿಗೆ ಬೊಂಡ. ಉರಿಮೂತ್ರವಾದರಂತೂ ಬೇರೆ ಮಾತೇ ಇಲ್ಲ. ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಹೋಗಬಾರದೆಂದು, ಪೇಟೆಯಿಂದ ಬ್ರೆಡ್ಡು ತರಲಾಗದವರು ತಮ್ಮದೇ ಮರದಿಂದ ಎರಡು ಬೊಂಡ ಇಳಿಸಿ ಹಿಡಿದುಕೊಂಡು ಬರುತ್ತಿದ್ದರು. ಅದರಿಂದ ಯಾರಿಗಾದರೂ ಕೇಡಾದೀತು ಎಂದು ನಾವು ಎಂದೂ ಕೇಳಿದ್ದಿಲ್ಲ. ನನ್ನ ತಮ್ಮ ಹೋದದ್ದರಲ್ಲಿ ಅದಕ್ಕೂ ಒಂದು ಪಾಲು ಇತ್ತು. ಅಮ್ಮನಿಗೆ ಅದು ತಿಳಿಯದ ಹಾಗೆ ನೋಡಿಕೊಂಡೆ. ಈಗ ಅಮ್ಮ ಇಲ್ಲ. ಆದ್ದರಿಂದ ಬರೆಯಬಹುದು ಅನಿಸಿತು.

ನಮ್ಮ ಮನೆ ಬಂಟ್ವಾಳದ ಹತ್ತಿರ ನರಿಕೊಂಬಿನಲ್ಲಿ, ಹೊಳೆಯ ಬದಿಯಲ್ಲಿ ಇತ್ತು. ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು, ನಾವು ಸಣ್ಣವರಿರುವಾಗಲೇ ತೀರಿಕೊಂಡರು. ಅಮ್ಮ ಬೀಡಿ ಕಟ್ಟಿ ನಮ್ಮಿಬ್ಬರನ್ನು ಸಾಕಿದಳು. ನಾನು ಎಂಟನೆಯ ತರಗತಿ ಮುಗಿಸಿ ಹೊಲಿಗೆ ಕಲಿತೆ. ದೊಡ್ಡ ನೆರೆ ಬಂದ ವರ್ಷ ನನ್ನ ಹೊಲಿಗೆ ಮೆಷಿನು ಕೆಸರಿನಲ್ಲಿ ಹೂತುಹೋಗಿತ್ತು. ಇನ್ನು ಅದು ಗುಜರಿಗೇ ಸೈ ಎಂದು ಎಲ್ಲರೂ ಹೇಳಿದರು. ತಮ್ಮ ಅದನ್ನು ಬಿಚ್ಚಿ, ಒಂದೊಂದೇ ಭಾಗವನ್ನು ತೊಳೆದು, ಎಣ್ಣೆ ಹಾಕಿ ಓಡುವ ಹಾಗೆ ಮಾಡಿದ. ಆಗ ಅವನಿಗೆ ಇನ್ನೂ ಮೀಸೆ ಬಂದಿರಲಿಲ್ಲ. ಅದೇ ಮೆಷಿನಿನಲ್ಲಿ ಇವತ್ತಿಗೂ ಹೊಲಿಯುತ್ತೇನೆ.

ದೊಡ್ಡವನಾದ ಮೇಲೆ ಲಾರಿ ಕಲಿತ. ಬಂಟ್ವಾಳದಿಂದ ಹಂಚು ತುಂಬಿಸಿಕೊಂಡು ಬೆಳ್ತಂಗಡಿ, ಲಾಯಿಲ, ಕಕ್ಕಿಂಜೆ ದಾಟಿ ಚಾರ್ಮಾಡಿ ಘಾಟಿ ಹತ್ತುವುದು, ಮೇಲಿನಿಂದ ಬರುವಾಗ ಆಲೂಗಡ್ಡೆ ಹಾಕಿಕೊಂಡು ಇಳಿಯುವುದು, ಇದು ಅವನ ಕೆಲಸ. ಘಾಟಿಯ ತಿರುವುಗಳಲ್ಲಿ ಕಣ್ಣು ಮುಚ್ಚಿದರೆ ಮುಗಿಯಿತು. ಆದ್ದರಿಂದ ಚಾಲಕರು ನಿದ್ದೆ ಬಾರದ ಮಾತ್ರೆ ನುಂಗುತ್ತಿದ್ದರು. ಅದು ನನಗೆ ತಿಳಿದದ್ದು ನನ್ನ ಬಟನ್‌ಗಳ ಡಬ್ಬಿಯಿಂದ. ಒಂದು ಅಂಗಿಗೆ ಬಿಳಿ ಬಟನ್ ಹುಡುಕುತ್ತಿದ್ದಾಗ ಬೆರಳಿಗೆ ಬೇರೆಯೇ ಏನೋ ಸಿಕ್ಕಿತು.

"ಇದೆಂತದು? ಇದಕ್ಕೆ ತೂತೇ ಇಲ್ಲವಲ್ಲ."

"ಅದು ಒಳಗಿನಿಂದ ಹಾಕುವ ಬಟನ್ ಅಕ್ಕ," ಎಂದು ನಕ್ಕ. "ಘಾಟಿಯಲ್ಲಿ ಕಣ್ಣಿನ ರೆಪ್ಪೆ ಬಿಚ್ಚಿಕೊಂಡು ಇರಬೇಕಲ್ಲ, ಅದಕ್ಕೆ."

ನಾನು ಅಮ್ಮನಿಗೆ ಹೇಳಿದೆ. ಅಮ್ಮ ಮಡಿಲಲ್ಲಿದ್ದ ಬೀಡಿಯ ಮೊರ ಬದಿಗಿಟ್ಟು, ಸಿಕ್ಕಿದ ಮಾತ್ರೆಗಳನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಹೊಳೆಗೆ ಎಸೆದು ಬಂದಳು.

"ಅಯ್ಯೋ ಅಮ್ಮ, ಇನ್ನು ಹೊಳೆಯ ಮೀನಿಗೆಲ್ಲ ನಿದ್ದೆ ಇಲ್ಲ," ಎಂದ ತಮ್ಮ. "ಹಿಡಿದವರ ಪಾತ್ರೆಯಲ್ಲೂ ಕಣ್ಣು ಬಿಟ್ಟುಕೊಂಡೇ ಇರ್ತವೆ."

"ನಿನ್ನ ತಲೆ. ಮೀನು ಯಾವಾಗ ಕಣ್ಣು ಮುಚ್ಚಿದ್ದು ಮಾರಾಯ?" ಎಂದ ಅಮ್ಮನಿಗೆ ನಗು ಬಂತು. ನಗು ಬಂದದ್ದಕ್ಕೆ ಸಿಟ್ಟೂ ಬಂದು, ಅವನ ಬೆನ್ನಿಗೆ ಒಂದು ಕೊಟ್ಟಳು. ಅವನು ಯಾವ ಮಾತನ್ನೂ ಹೀಗೇ ತೇಲಿಸಿಬಿಡುತ್ತಿದ್ದ. ಅವನ ಹತ್ತಿರ ಗಟ್ಟಿಯಾಗಿ ಜಗಳ ಮಾಡುವುದು ನಮ್ಮಿಬ್ಬರಿಗೂ ಆಗುತ್ತಿರಲಿಲ್ಲ.

ನಿದ್ದೆಗೆಡಿಸುವ ಮಾತ್ರೆ ಅಷ್ಟಕ್ಕೇ ನಿಲ್ಲುವುದಿಲ್ಲ. ಮನೆಗೆ ಬಂದ ಮೇಲೂ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಯಾರೋ ನಿದ್ದೆ ಬರುವ ಮಾತ್ರೆ ಕೊಟ್ಟರು. ಆಮೇಲೆ ಅದನ್ನು ನಿದ್ದೆಗಲ್ಲ, ಖುಷಿಗೆ ನುಂಗುವುದನ್ನೂ ಕಲಿಸಿದರು. ಮಾತ್ರೆ ನುಂಗಿ, ಬರುವ ನಿದ್ದೆಯನ್ನು ತಡೆದು ಕೂತರೆ ಬೇರೆ ರೀತಿಯ ಅಮಲು ಏರುತ್ತದಂತೆ. ರಜೆಯ ದಿನ ಹೊಳೆಬದಿಯಲ್ಲಿ ನಾಲ್ಕೈದು ಜನ ಚಾಲಕರು ಹಾಗೆ ಕೂತಿರುತ್ತಿದ್ದರು. ಹೆಂಡ ಕುಡಿದವರ ಹಾಗೆ ಗಲಾಟೆ ಇಲ್ಲ, ವಾಸನೆ ಇಲ್ಲ. ದಾರಿಯಲ್ಲಿ ಹೋಗುವವರು, ಪಾಪ, ದಣಿದಿದ್ದಾರೆ ಎಂದುಕೊಳ್ಳುತ್ತಿದ್ದರು.

"ಅದರಲ್ಲಿ ಎಂತ ಸಿಗ್ತದೆ ನಿನಗೆ?" ಎಂದು ಒಮ್ಮೆ ಕೇಳಿದೆ.

"ಹೊಳೆಯಲ್ಲಿ ಅಂಗಾತ ಮಲಗಿ ತೇಲಿದ ಹಾಗೆ ಅಕ್ಕ. ಕಿವಿಗೆ ನೀರು ಹೋದಾಗ ಹೊರಗಿನ ಶಬ್ದ ಎಲ್ಲ ದೂರ ಆಗ್ತದಲ್ಲ, ಹಾಗೆ."

"ಮುಳುಗಿದರೆ ಯಾರು ಎತ್ತುವುದು?"

"ನೀನಿದ್ದೀಯಲ್ಲ."

ಮಳೆ ಹಿಡಿಯುವ ಮೊದಲಿನ ದಿನಗಳು. ಘಾಟಿಯಲ್ಲಿ ಒಂದು ಲಾರಿ ಮಗುಚಿ ದಾರಿ ನಿಂತಿತ್ತು. ತಮ್ಮ ಕಕ್ಕಿಂಜೆಯಲ್ಲಿ ಲಾರಿಯನ್ನು ರಸ್ತೆಯ ಬದಿಗೆ ಹಾಕಿದ. ದಾರಿ ಬಿಡುವವರೆಗೆ ಕೆಲಸ ಇಲ್ಲ, ಅಂದರೆ ಅವನ ಲೆಕ್ಕದಲ್ಲಿ ರಜೆ. ಕ್ಯಾಬಿನಿನಲ್ಲಿ ಕೂತು ಎಷ್ಟು ಮಾತ್ರೆ ನುಂಗಿದನೋ ಅವನಿಗೇ ನೆನಪಿರಲಿಲ್ಲ. ಮರುದಿನ ಮಧ್ಯಾಹ್ನ ಅವನ ಗೆಳೆಯ, ಇನ್ನೊಂದು ಹಂಚಿನ ಲಾರಿ ಬಿಡುತ್ತಿದ್ದ ಬ್ಯಾರಿ ಹುಡುಗ, ಅಲ್ಲಿಗೆ ಬಂದು ನೋಡಿದಾಗ ಇವನು ಒಂದು ಕಾಲನ್ನು ಮೈಯಡಿಗೆ ಮಡಚಿಕೊಂಡು, ಸೀಟಿನ ಸಂದಿಯಲ್ಲಿ ಕುಸಿದು ಬಿದ್ದಿದ್ದ. ಹಿಂದಿನ ದಿನದಿಂದ ಹಾಗೆಯೇ ಇದ್ದನೆಂದು ಕಾಣುತ್ತದೆ. ನೀರು ಹಾಕಿ, ಕೆನ್ನೆಗೆ ಬಡಿದು ಎಬ್ಬಿಸಿದರಂತೆ. ಅಡಿಗೆ ಸಿಕ್ಕಿದ್ದ ಕಾಲು ಬಾತು ಕಲ್ಲಿನ ಹಾಗಾಗಿತ್ತು.

ಗೆಳೆಯನೇ ಅವನನ್ನು ಮನೆಗೆ ತಂದು ಬಿಟ್ಟ. "ಜ್ವರ ಬಂತು ಅಮ್ಮ, ತಲೆ ತಿರುಗಿ ಬಿದ್ದ," ಎಂದ. ಮಾತ್ರೆಯ ಸುದ್ದಿ ಹೇಳಬೇಡ ಎಂದು ತಮ್ಮ ದಾರಿಯುದ್ದಕ್ಕೂ ಅವನ ಕೈ ಹಿಡಿದು ಕೇಳಿಕೊಂಡಿದ್ದನಂತೆ. ಅದು ನನಗೆ ಗೊತ್ತಾದದ್ದು ಆಮೇಲೆ.

ಆ ಸಂಜೆ ತಮ್ಮ ನನ್ನನ್ನು ಬಚ್ಚಲಿನ ಹತ್ತಿರ ಕರೆದ. "ಅಕ್ಕ, ನೋಡು. ಕರಿ ಚಾ ಚೆಲ್ಲಿದ ಹಾಗೆ ಹೋಗ್ತದೆ."

ಅಮ್ಮ ಬಂದು ನೋಡಿದಳು. "ಕಾಮಾಲೆ," ಎಂದಳು. ಮೂತ್ರ ಬಣ್ಣ ತಿರುಗಿದರೆ ನಮ್ಮಲ್ಲಿ ಅದಕ್ಕೆ ಬೇರೆ ಹೆಸರಿಲ್ಲ. ಕಾಮಾಲೆಗೆ ಡಾಕ್ಟರಲ್ಲಿಗೆ ಹೋಗುವ ಕ್ರಮವೂ ಇಲ್ಲ. ಇಂಗ್ಲಿಷ್ ಮದ್ದು ತೆಗೆದುಕೊಂಡರೆ ಕಾಮಾಲೆ ಏರುತ್ತದೆ, ಸೂಜಿ ಚುಚ್ಚಿಸಿಕೊಂಡರೆ ಮನುಷ್ಯ ಉಳಿಯುವುದಿಲ್ಲ ಎಂದು ಊರಿಗೆ ಊರೇ ನಂಬಿತ್ತು. ಹಳ್ಳಿಮದ್ದು ಕೊಡುವವರು ಊರಿಗೊಬ್ಬರು ಇರುತ್ತಾರೆ. ಅಮ್ಮನ ತಮ್ಮ, ನಮ್ಮ ಮಾವ, ಇದ್ದದ್ದು ಮೂಡುಬಿದಿರೆಯಲ್ಲಿ. ಅವರ ಮನೆಯ ಹತ್ತಿರವೇ ಕಾಮಾಲೆಗೆ ಮದ್ದು ಕೊಡುವ ಹಿರಿಯರೊಬ್ಬರಿದ್ದರು. ಮರುದಿನವೇ ಮೂಡುಬಿದಿರೆಯ ಬಸ್ಸು ಹತ್ತಿದೆವು. ತಮ್ಮ ನನ್ನ ಹೆಗಲು ಹಿಡಿದು ಒಂದೇ ಕಾಲಿನಲ್ಲಿ ಕುಂಟುತ್ತಾ ಹತ್ತಿದ. ಕಂಡಕ್ಟರ್ ಗುರುತಿನವನು. "ಎಂತ ಡ್ರೈವರೇ, ಒಂದು ಟಯರ್ ಪಂಕ್ಚರಾ?" ಎಂದ. "ಸ್ಟೆಪ್ನಿ ತಂದಿದ್ದೇನೆ," ಎಂದು ತಮ್ಮ ನನ್ನನ್ನು ತೋರಿಸಿದ.

ಹಿರಿಯರು ಅವನ ರೆಪ್ಪೆ ಎಳೆದು ನೋಡಿದರು. "ಕಣ್ಣಲ್ಲಿ ಹಳದಿ ಕಾಣುವುದಿಲ್ಲವಲ್ಲ," ಎಂದರು.

"ಇನ್ನು ಬರಬಹುದು," ಎಂದಳು ಅಮ್ಮ. "ಒಂದಕ್ಕೆ ಹೋದದ್ದು ನೋಡಿದರೆ ಹೆದರಿಕೆ ಆಗ್ತದೆ."

ಅವರು ಇನ್ನೊಂದು ಕಣ್ಣನ್ನೂ ನೋಡಿ ಒಪ್ಪಿಕೊಂಡರು. ಮೂರು ಬೆಳಿಗ್ಗೆ ಖಾಲಿ ಹೊಟ್ಟೆಗೆ, ಸೊಪ್ಪು ಅರೆದು ಹಾಲಿನಲ್ಲಿ ಕಲಸಿ ಕೊಟ್ಟರು. ಉಪ್ಪು, ಎಣ್ಣೆ, ಖಾರ ಕೂಡದು. ಗಂಜಿ ಮತ್ತು ಬೊಂಡ. ಬೊಂಡ ಎಷ್ಟು ಕುಡಿದರೂ ಆಗಬಹುದು. ಒಳ್ಳೆಯ ಮನುಷ್ಯ, ಯಾರಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಅವರನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ಮಾತ್ರೆಯ ಸಂಗತಿಯನ್ನು ಅವರಿಗೆ ಯಾರು ಹೇಳಿದ್ದರು?

ಮಾವನ ಮನೆಯ ಜಗಲಿಯಲ್ಲಿ ಬೊಂಡದ ರಾಶಿ ಬಿತ್ತು. ಮಾವ ತಮ್ಮದೇ ಮರದಿಂದ ಇಳಿಸಿದರು, ನೆರೆಯವರು ತಂದರು. ಮಾವ ಕೆತ್ತುವುದು, ನಾನು ಲೋಟಕ್ಕೆ ಬಗ್ಗಿಸುವುದು, ಅಮ್ಮ ಕುಡಿಸುವುದು.

"ಮಾವ, ಸಾಕು. ಇನ್ನು ನನ್ನ ತಲೆಯ ಮೇಲೆ ತೆಂಗಿನ ಸಸಿ ಬರ್ತದೆ."

"ಬರಲಿ ಮಗ. ಕೊಯ್ಯಲು ಮರ ಹತ್ತಬೇಕಾಗಿಲ್ಲ, ನಿನ್ನನ್ನು ಬಗ್ಗಿಸಿದರೆ ಆಯಿತು."

ಮೂತ್ರದ ಬಣ್ಣ ಹೋಗಲಿಲ್ಲ, ಮೂತ್ರವೇ ಕಡಿಮೆಯಾಯಿತು. ಆಮೇಲೆ ನಿಂತೇಹೋಯಿತು. ಕಡಿಮೆಯಾದಷ್ಟೂ ಅಮ್ಮ ಹೆಚ್ಚು ಬೊಂಡ ಕೊಟ್ಟಳು. ಉಷ್ಣಕ್ಕೆ ಕಟ್ಟಿದೆ, ತಂಪಾದರೆ ಬಿಡುತ್ತದೆ ಎಂದು. ಅವನಿಗೂ ಬಾಯಾರಿಕೆ, ಕೊಟ್ಟದ್ದನ್ನೆಲ್ಲ ಕುಡಿದ. ಅವನ ಮುಖ ತುಂಬಿಕೊಂಡಿತು. ಘಾಟಿ ಹತ್ತಿ ಇಳಿದು ಒಣಗಿದ್ದ ಕೆನ್ನೆ ಸಣ್ಣವನಿದ್ದಾಗಿನ ಹಾಗೆ ಉಬ್ಬಿತು. ಅಮ್ಮ ಅದನ್ನು ಮುಟ್ಟಿ ಮುಟ್ಟಿ ನೋಡಿದಳು. "ಮದ್ದು ಹಿಡಿಯಿತು. ನೋಡು, ಮುಖಕ್ಕೆ ಮಾಂಸ ಬಂತು," ಎಂದು ಬಂದವರಿಗೆಲ್ಲ ತೋರಿಸಿದಳು. ಅದು ಬಾವು ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಅಮ್ಮನ ಆ ಸಂತೋಷ ನೆನಪಾದರೆ ನನಗೆ ಈಗಲೂ ಊಟ ಸೇರುವುದಿಲ್ಲ.

ಆಮೇಲೆ ಬಿಕ್ಕಳಿಕೆ ಶುರುವಾಯಿತು. ಮಾತು ನಿಧಾನವಾಯಿತು. ಅಂಥ ಒಂದು ಬೆಳಿಗ್ಗೆ ಅವನ ಗೆಳೆಯ ಬಂದ. ಅವನ ಕೈಯಲ್ಲೂ ಎರಡು ಬೊಂಡ. ತಮ್ಮನ ಮುಖ ನೋಡಿ ಅದನ್ನು ಜಗಲಿಯಲ್ಲಿ ಇಟ್ಟು, ನನ್ನನ್ನು ಅಂಗಳದ ಮೂಲೆಗೆ ಕರೆದ.

"ಅಕ್ಕ, ಇದು ಕಾಮಾಲೆ ಅಲ್ಲ. ಅವ ಮಾತ್ರೆ ನುಂಗಿ ಬಿದ್ದದ್ದು. ಹೇಳಬೇಡ ಅಂತ ಆಣೆ ಹಾಕಿದ್ದಾನೆ. ಆಣೆ ನಾನು ನೋಡಿಕೊಳ್ತೇನೆ, ನೀವು ಮೊದಲು ಡಾಕ್ಟ್ರಲ್ಲಿಗೆ ಹೋಗುವ ಅನ್ನಿ."

ಅವನೇ ಓಡಿಹೋಗಿ ಕಾರು ತಂದ. ಅಮ್ಮ ಬೇಡವೆಂದಳು, ಸೂಜಿ ಚುಚ್ಚಿದರೆ ಎಂದು ಅತ್ತಳು. ಮಾವ ಅವಳನ್ನು ಗದರಿಸಿ ಹತ್ತಿಸಿದರು. ಹತ್ತುವಾಗಲೂ ಅವಳು ಚೀಲದಲ್ಲಿ ಕೆತ್ತಿದ ಎರಡು ಬೊಂಡ ಇಟ್ಟುಕೊಂಡಿದ್ದಳು.

ಪೇಟೆಯ ಡಾಕ್ಟರು ವಯಸ್ಸಾದವರು, ಮೆದು ಮಾತಿನವರು. ಕಾಲನ್ನು ಒತ್ತಿ ನೋಡಿದರು, ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಗೆಳೆಯ ಅಮ್ಮನಿಗೆ ಕೇಳದ ಹಾಗೆ ಇದ್ದದ್ದನ್ನು ಹೇಳಿದ. ಇಷ್ಟು ದಿನ ಏನು ಕೊಟ್ಟಿರಿ ಎಂದು ಕೇಳಿದಾಗ ನಾನು ಸೊಪ್ಪಿನ ಮದ್ದು, ಗಂಜಿ, ಬೊಂಡ ಎಂದೆ.

"ಬೊಂಡ ಎಷ್ಟು?"

"ಅವನು ಬೇಡ ಅನ್ನುವವರೆಗೆ."

ಅವರು ಎದ್ದು ನನ್ನನ್ನು ಹೊರಗೆ ಕರೆದುಕೊಂಡು ಹೋದರು. ಅಲ್ಲಿ ನಿಂತು, ಮಕ್ಕಳಿಗೆ ಪಾಠ ಹೇಳುವ ಹಾಗೆ ಬಿಡಿಸಿ ಹೇಳಿದರು. ಮಾತ್ರೆಯ ಅಮಲಿನಲ್ಲಿ ಮೈಯ ಭಾರ ಬಿದ್ದು ಕಾಲಿನ ಮಾಂಸ ಜಜ್ಜಿಹೋಗಿದೆ. ಆ ಕೆಟ್ಟದ್ದೆಲ್ಲ ರಕ್ತಕ್ಕೆ ಇಳಿದು ಕಿಡ್ನಿಯಲ್ಲಿ ಕಟ್ಟಿಕೊಂಡಿದೆ. ಕಪ್ಪಗೆ ಹೋದದ್ದು ಅದೇ. ಈಗ ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ. ಬೊಂಡದಲ್ಲಿ ಒಂದು ಬಗೆಯ ಉಪ್ಪಿನಂಶ ಉಂಟು. ಒಳ್ಳೆಯ ಕಿಡ್ನಿ ಹೆಚ್ಚಾದದ್ದನ್ನು ಹೊರಗೆ ಹಾಕುತ್ತದೆ. ಇವನಲ್ಲಿ ಅದು ಒಳಗೇ ಉಳಿದು ಏರುತ್ತಾ ಹೋಗಿ ಹೃದಯವನ್ನು ನಿಲ್ಲಿಸಬಹುದು.

"ಇನ್ನು ಒಂದು ಗುಟುಕೂ ಕೊಡಬಾರದು. ಈಗಲೇ ಮಂಗಳೂರಿಗೆ ಕರಕೊಂಡು ಹೋಗಿ."

"ನಾವು ಬೊಂಡ ಕೊಡದೇ ಇದ್ದಿದ್ದರೆ?" ಎಂದು ಕೇಳಿದೆ.

"ಕೊಡದಿದ್ದರೂ ಕಷ್ಟವೇ ಇತ್ತಮ್ಮ. ಉಳಿಯುತ್ತಿದ್ದ ಅಂತ ನಾನು ಹೇಳುವುದಿಲ್ಲ. ಕೊಟ್ಟದ್ದರಿಂದ ಬೇಗ ಬಿಗಡಾಯಿಸಿತು."

ಶಾಲೆಯ ಪುಸ್ತಕದಲ್ಲಿ ನೋಡಿದ್ದ ಮೂತ್ರಪಿಂಡದ ಚಿತ್ರ ನೆನಪಾಯಿತು. ಎರಡು ಅವರೆಕಾಳು ಎದುರುಬದುರು ಇಟ್ಟ ಹಾಗೆ. ಪರೀಕ್ಷೆಗೆ ಅದನ್ನು ಚೆಂದ ಮಾಡಿ ಬರೆದು ಬಣ್ಣ ಹಾಕಿದ್ದೆ. ಅಷ್ಟೇ ನಾನು ಕಲಿತದ್ದು.

ಒಳಗೆ ಹೋದಾಗ ಅಮ್ಮ ಬೆಂಚಿನ ಮೇಲೆ ಕೂತು, ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬೊಂಡ ಕುಡಿಸುತ್ತಿದ್ದಳು. ಅವನು ಕಣ್ಣು ಮುಚ್ಚಿಕೊಂಡು, ಎರಡೂ ಕೈಯಿಂದ ಬೊಂಡವನ್ನು ಹಿಡಿದು, ಮಗುವಿನ ಹಾಗೆ ಕುಡಿಯುತ್ತಿದ್ದ. ಗಂಟಲು ಮೇಲೆ ಕೆಳಗೆ ಆಗುತ್ತಿತ್ತು. ನಾನು ಹೋಗಿ ಅದನ್ನು ಕಸಿದುಕೊಂಡೆ. ಅರ್ಧ ಉಳಿದಿತ್ತು. ಅವನ ಕತ್ತಿನ ಮೇಲೆ, ಅಮ್ಮನ ಸೀರೆಯ ಮೇಲೆ ಚೆಲ್ಲಿತು.

"ಎಂತ ಮಾಡ್ತೀ ನೀನು!" ಅಮ್ಮ ಕಿರುಚಿದಳು. "ಕುಡಿಯುತ್ತಿದ್ದಾನೆ, ಕಾಣುವುದಿಲ್ಲವಾ?"

ನನ್ನ ಬಾಯಿಯಲ್ಲಿ ನಿಜವೇ ಇತ್ತು. ಬೊಂಡವೇ ಅವನನ್ನು ಕೊಲ್ಲುತ್ತದೆ ಎನ್ನಬೇಕಿತ್ತು. ಅಮ್ಮನ ಮುಖ ನೋಡಿದೆ. ತನ್ನ ಕೈಯಿಂದಲೇ ಅವಳು ದಿನವೂ ಕೊಟ್ಟದ್ದು.

"ಇಂಜೆಕ್ಷನ್ ಉಂಟಂತೆ. ಹೊಟ್ಟೆ ಖಾಲಿ ಇರಬೇಕಂತೆ," ಎಂದೆ.

"ಇಂಜೆಕ್ಷನ್!" ಎಂದು ಅಮ್ಮ ತಲೆ ಚಚ್ಚಿಕೊಂಡಳು.

ಮಂಗಳೂರಿನ ದಾರಿಯಲ್ಲಿ ತಮ್ಮ ಎರಡು ಸಲ ನೀರು ಕೇಳಿದ. ನಾನು ಒದ್ದೆ ಬಟ್ಟೆಯಿಂದ ತುಟಿ ಒರೆಸಿದೆ. "ಅದು ಅರ್ಧ ಉಳಿದಿತ್ತಲ್ಲ ಅಕ್ಕ," ಎಂದ. ನಗಿಸಲು ಹೇಳಿದನೋ ನಿಜವಾಗಿ ಕೇಳಿದನೋ ತಿಳಿಯಲಿಲ್ಲ. ಗುರುಪುರ ತಲುಪುವ ಮೊದಲು ಅವನ ಕೈ ನನ್ನ ಕೈಯಲ್ಲಿ ಸಡಿಲವಾಯಿತು. ಮುಂದಿನ ಸೀಟಿನಲ್ಲಿದ್ದ ಗೆಳೆಯ ತಿರುಗಿ ನೋಡಿ, ಚಾಲಕನ ಭುಜ ಮುಟ್ಟಿ ಕಾರು ನಿಲ್ಲಿಸಿದ.

ಕಾಮಾಲೆಯಲ್ಲಿ ಹೋದ ಎಂದು ಊರಿಗೆ ಹೇಳಿದೆವು. ಊರು ನಂಬಿತು. ಡಾಕ್ಟರಲ್ಲಿಗೆ ಹೋದದ್ದೇ ತಪ್ಪಾಯಿತು ಎಂದು ಅದಕ್ಕೆ ತಾನೇ ಒಂದು ಮಾತು ಸೇರಿಸಿಕೊಂಡಿತು. ಅಮ್ಮನಿಗೆ ಉಳಿದದ್ದು ಎರಡೇ ಸಂಗತಿ. ಒಂದು, ತಾನು ಕೊಟ್ಟ ಬೊಂಡ ಅವನಿಗೆ ಹಿಡಿಯುತ್ತಿತ್ತು, ಮುಖ ತುಂಬಿಕೊಳ್ಳುತ್ತಿತ್ತು ಎಂಬುದು. ಇನ್ನೊಂದು, ಮಗಳು ಅದನ್ನು ಬಾಯಿಯಿಂದ ಕಸಿದುಕೊಂಡಳು, ಅವನು ಬಾಯಾರಿಕೊಂಡೇ ಹೋದ ಎಂಬುದು. ಮೊದಲನೆಯದರಲ್ಲಿ ಅವಳು ಬದುಕಿದಳು. ಎರಡನೆಯದನ್ನು ನನಗೆ ಕೊಟ್ಟಳು. ಬೀಡಿ ಕಟ್ಟಲು ಬಂದ ಹೆಂಗಸರ ಎದುರಿಗೇ ಹೇಳುತ್ತಿದ್ದಳು: "ಸಾಯುವವನ ಬಾಯಿಗೆ ಶತ್ರುಗಳೂ ನೀರು ಬಿಡ್ತಾರೆ. ನನ್ನ ಮನೆಯಲ್ಲಿ ಒಡಹುಟ್ಟಿದವಳೇ ತೆಗೆದದ್ದು." ನಾನು ಮೆಷಿನು ತುಳಿಯುತ್ತಿದ್ದೆ. ಮೆಷಿನಿನ ಶಬ್ದಕ್ಕೆ ಕೇಳಲಿಲ್ಲ ಎಂದು ಅವರು ಅಂದುಕೊಳ್ಳಲಿ ಎಂದು.

ಗೆಳೆಯ ಆಗಾಗ ಬಂದು ನೋಡಿ ಹೋಗುತ್ತಿದ್ದ. ಅವನು ಮಾತ್ರೆ ಬಿಟ್ಟಿದ್ದ, ಘಾಟಿಯನ್ನೂ ಬಿಟ್ಟು ಪೇಟೆಯೊಳಗೆ ಟೆಂಪೊ ಓಡಿಸುತ್ತಿದ್ದ. ಒಮ್ಮೆ ಅಮ್ಮನ ಮಾತು ಅವನ ಕಿವಿಗೂ ಬಿತ್ತು.

"ಹೇಳಿಬಿಡಿ ಅಕ್ಕ," ಎಂದ ಹೊರಗೆ ಬಂದು. "ನಿಮ್ಮನ್ನು ಹೀಗೆ ತಿನ್ನುವುದು ನೋಡಲು ಆಗುವುದಿಲ್ಲ. ಮಾತ್ರೆಯಿಂದ ಅಂತ ನಾನೇ ಹೇಳ್ತೇನೆ ಬೇಕಾದರೆ."

"ಮಾತ್ರೆಯಿಂದ ಅಂದರೆ, ನೀನು ಬೊಂಡ ಯಾಕೆ ಕಸಿದೆ ಅಂತ ಕೇಳ್ತಾಳೆ. ಅದಕ್ಕೆ ಎಂತ ಹೇಳುವುದು?"

ಅವನು ತಲೆ ಕೆರೆದುಕೊಂಡ. "ಅದೂ ಹೌದು."

"ಡಾಕ್ಟರು ಹೇಳಿದ್ದನ್ನು ನಾನು ಹೇಳಿದರೂ ಅವಳಿಗೆ ಪೂರ್ತಿ ಕೇಳುವುದಿಲ್ಲ. ಬೊಂಡ ಅನ್ನುವುದೊಂದೇ ಕೇಳ್ತದೆ."

ಅವನು ಮತ್ತೆ ಆ ಮಾತು ಎತ್ತಲಿಲ್ಲ.

ಮಳೆಗಾಲದ ಆಟಿ ತಿಂಗಳಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸುವ ಕ್ರಮ ನಮ್ಮಲ್ಲಿ ಉಂಟು. ಬಡಿಸಿದ ಮೇಲೆ ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಬರಬೇಕು. ಅವರು ಬಂದು ಉಂಡು ಹೋಗುವಷ್ಟು ಹೊತ್ತು ಕಾಯಬೇಕು. ಗಂಡಸರು ಬಡಿಸುವ ಕೆಲಸ ಅದು. ನಮ್ಮ ಮನೆಯಲ್ಲಿ ಗಂಡಸರೇ ಉಳಿದಿರಲಿಲ್ಲವಾದ್ದರಿಂದ ಅಮ್ಮನೇ ಬಡಿಸುತ್ತಿದ್ದಳು. ಅಪ್ಪನ ಎಲೆಗೆ ಕೋಳಿ ಸಾರು, ರೊಟ್ಟಿ. ತಮ್ಮನ ಎಲೆಗೆ ಅದರ ಜೊತೆಗೆ ಒಂದು ಬೊಂಡ, ಬಾಯಿ ತೆಗೆದು. "ಕುಡಿ ಮಗಾ," ಎನ್ನುತ್ತಿದ್ದಳು. ಮತ್ತೆ ನನ್ನನ್ನು ನೋಡದೆ, "ನೀನು ಮೊದಲು ಹೊರಗೆ ಹೋಗು," ಎನ್ನುತ್ತಿದ್ದಳು. ನಾನು ಮಳೆಯ ಇರಿಚಲು ಹೊಡೆಯುವ ಜಗಲಿಯಲ್ಲಿ ನಿಂತುಕೊಳ್ಳುತ್ತಿದ್ದೆ. ಪ್ರತಿ ವರ್ಷವೂ ಇದು ಹೀಗೆಯೇ.

ತಮ್ಮ ಹೋದ ಮೇಲೆ ಅಮ್ಮ ತಾನು ಬೊಂಡ ಕುಡಿದಿರಲಿಲ್ಲ. ಅವಳು ಹಾಸಿಗೆ ಹಿಡಿದ ಬೇಸಿಗೆಯಲ್ಲಿ ನೆರೆಯವರು ಕ್ರಮದಂತೆ ಬೊಂಡ ತಂದರು. ಬೇಡವೆನ್ನುತ್ತಾಳೆ ಎಂದುಕೊಂಡೇ ಒಂದನ್ನು ಕೆತ್ತಿ ಬಾಯಿಗೆ ಹಿಡಿದೆ. ಅವಳು ಕುಡಿದಳು. ಸ್ವಲ್ಪ ಕುಡಿದು, ಬೊಂಡದ ಮೇಲೆ ಇದ್ದ ನನ್ನ ಕೈಯನ್ನು ಹಿಡಿದು ನನ್ನ ಕಡೆಗೇ ತಳ್ಳಿದಳು.

"ಸಾಕು. ಉಳಿದದ್ದು ನೀನು ಕುಡಿ," ಎಂದಳು. "ನಿನಗೂ ಬಾಯಾರಿರಬೇಕು."

ಅದರಲ್ಲಿ ಬೇರೆ ಅರ್ಥ ಇತ್ತೆಂದು ನಾನು ಹೇಳುವುದಿಲ್ಲ. ಬಿಸಿಲಿನಲ್ಲಿ ಹೊಳೆಯಿಂದ ನೀರು ಹೊತ್ತು ಬಂದಿದ್ದೆ, ಬೆವರಿದ್ದೆ, ಅವಳು ಅದನ್ನು ನೋಡಿರಬಹುದು. ನಾನು ಕುಡಿದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಮಳೆ ಬರುವ ಮೊದಲೇ ಹೋದಳು.

ಆ ವರ್ಷದ ಆಟಿಯಲ್ಲಿ ಬಡಿಸುವವಳು ನಾನೇ. ಮೂರು ಎಲೆ ಹಾಕಿದೆ. ಅಪ್ಪನದು, ಅಮ್ಮನದು, ತಮ್ಮನದು. ತಮ್ಮನ ಎಲೆಗೆ ಎಲ್ಲ ಬಡಿಸಿದ ಮೇಲೆ ಬೊಂಡ ಕೈಯಲ್ಲಿ ಹಿಡಿದು ನಿಂತೆ. ಡಾಕ್ಟರ ಮಾತು ಕಿವಿಯಲ್ಲಿತ್ತು, ಇನ್ನು ಒಂದು ಗುಟುಕೂ ಕೊಡಬಾರದು. ಅಷ್ಟು ವರ್ಷ ಆ ಮಾತನ್ನು ಒಬ್ಬಳೇ ಇಟ್ಟುಕೊಂಡಿದ್ದೆ. ಸಾರಿನ ಹಬೆ ಏಳುತ್ತಿತ್ತು. ಹೊರಗೆ ಹೊಳೆ ತುಂಬಿ ಹರಿಯುವ ಸದ್ದು ಕೇಳುತ್ತಿತ್ತು.

ಬೊಂಡದ ಬಾಯಿ ತೆಗೆದೆ. ಅಂಚಿನವರೆಗೆ ನೀರಿತ್ತು. ಚೆಲ್ಲದ ಹಾಗೆ ಎಲೆಯ ಬಲಬದಿಯಲ್ಲಿ ಇಟ್ಟೆ.

"ಕುಡಿ ಮಗಾ," ಎಂದೆ. "ಈಗ ಏನೂ ಆಗುವುದಿಲ್ಲ. ಪೂರ್ತಿ ಕುಡಿ."

ಮತ್ತೆ ಬಾಗಿಲು ಎಳೆದುಕೊಂಡು ಹೊರಗೆ ಬಂದು ಕೂತೆ.